ಮೇಡಂ ‘ನೋಡೋಣ’ ಅಂದರು

ಗುರುತಿನ ಚೀಟಿಯಲ್ಲಿ ಬಿಟ್ಟರೆ ಅವರ ಹೆಸರು ಬೇರೆಲ್ಲೂ ಓಡಾಡಿದ್ದಿಲ್ಲ. ಎಲ್ಲರಿಗೂ ಅವರು ಪಿ.ಎ. ಸಾಹೇಬರು. ಮೇಡಂ ಪುರಸಭೆಯ ಸದಸ್ಯೆಯಾಗಿದ್ದ ಕಾಲದಿಂದ ಜೊತೆಗಿದ್ದವರು. ಮೇಡಂ ಶಾಸಕಿಯಾದರು, ಸಂಸದೆಯಾದರು, ಮಂತ್ರಿಯಾದರು. ಅವರ ಕೊಠಡಿ ದೊಡ್ಡದಾಗುತ್ತಾ ಹೋಯಿತು, ಇವರ ಮೇಜು ಮಾತ್ರ ಬಾಗಿಲ ಹೊರಗೇ ಉಳಿಯಿತು.

ಈ ಇಪ್ಪತ್ತಾರು ವರ್ಷದಲ್ಲಿ ಅವರಿಗೆ ಕರತಲಾಮಲಕವಾದ ವಿದ್ಯೆ ಒಂದೇ, ಮೇಡಂ ಭಾಷೆ. ‘ಆಗಲಿ’ ಅಂದರೆ ಆ ಕಡತ ಮೇಲಿನ ಡ್ರಾಯರಿಗೆ. ‘ಕೇಳಿ ಹೇಳ್ತೀನಿ’ ಅಂದರೆ ನಡುವಿನದಕ್ಕೆ. ‘ನೋಡೋಣ’ ಅಂದರೆ ಕೆಳಗಿನದಕ್ಕೆ. ಅಲ್ಲಿ ಬಿದ್ದ ಕಾಗದ ಮತ್ತೆ ಬೆಳಕು ಕಂಡದ್ದಿಲ್ಲ. ಅರ್ಜಿ ಕೊಟ್ಟವರು “ಮೇಡಂ ನೋಡೋಣ ಅಂದ್ರು!” ಎಂದು ಹಿಗ್ಗುತ್ತಾ ಹೊರಬಂದರೆ, ಪಾಪ ಅಂದುಕೊಂಡು ಇವರು, ಸಂಜೆ ಮೇಡಂ ಕೊಠಡಿಯಿಂದ ಹಿಂತಿರುಗಿದ ಆ ಕಡತವನ್ನು ಅಲ್ಲಿಗೆ ಹಾಕಿ, ಕಾಲಿನಿಂದಲೇ ಡ್ರಾಯರ್ ತಳ್ಳುತ್ತಿದ್ದರು.

ಮೇಡಂ ಅಂತರರಾಷ್ಟ್ರೀಯ ಜಲಸಂಸ್ಥೆಯ ಮುಖ್ಯಸ್ಥೆಯಾಗಿ ಆಯ್ಕೆಯಾದದ್ದೇ ತಡ, ಇವರ ನಿದ್ದೆ ಹಾರಿತು. ತಮ್ಮ ಜೊತೆ ಒಬ್ಬರನ್ನು ಕರೆದೊಯ್ಯಲು ಅವರಿಗೆ ಅವಕಾಶವಿತ್ತು. ಅದಕ್ಕೊಂದು ಫಾರಂ, ಅದರ ಮೇಲೆ ಮೇಡಂ ಸಹಿ, ತಿಂಗಳ ಕೊನೆಯೊಳಗೆ ಅಲ್ಲಿಗೆ ತಲುಪಬೇಕು. ಫಾರಂ ತುಂಬಿಟ್ಟು ನಾಲ್ಕು ದಿನವಾದರೂ ಕೇಳುವ ಧೈರ್ಯವಿಲ್ಲ. ಮನೆಯಲ್ಲಿ ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ನಡುಮನೆಗೆ.

“ಒಂದ್ ಕಡೆ ಕೂತ್ಕೊಳ್ರೀ, ಕಾಲಿಗೇನು ಚಕ್ರ ಕಟ್ಕೊಂಡಿದ್ದೀರಾ?” ಎಂದರು ಹೆಂಡತಿ. “ಬಾಯಿಬಿಟ್ಟು ಕೇಳಿ. ಅವರೇನು ನುಂಗ್ತಾರಾ?”

ಐದನೆಯ ದಿನ ಫಾರಂ ಅನ್ನು ಕಡತದೊಳಗಿಟ್ಟು ಒಯ್ದರು. ಮೇಡಂ ಫೋನಿನಲ್ಲಿದ್ದರು. ತಲೆಯೆತ್ತದೆ, “ಇಡಿ ಅಲ್ಲಿ, ನೋಡೋಣ” ಎಂದರು.

ಸಂಜೆ ಕಡತಗಳ ರಾಶಿ ಹೊರಬಂದಾಗ ಅದರಲ್ಲಿ ಇವರದೂ ಇತ್ತು. ಬಿಚ್ಚಿ ನೋಡಲು ಸ್ವಾಭಿಮಾನ ಬಿಡಲಿಲ್ಲ. ಕೆಳಗಿನ ಡ್ರಾಯರಿಗೆ ಹಾಕಿ, ಅಭ್ಯಾಸದಂತೆ ಕಾಲಿನಿಂದ ತಳ್ಳಿದರು. ಹೊರಡುವ ದಿನ ಮೇಡಂ “ಅಲ್ಲಿ ಸಿಗೋಣ” ಎಂದಾಗಲೂ, ಬಾಯಿಮಾತಿನ ಉಪಚಾರಕ್ಕೇನು ಬರ ಎಂದು ಒಳಗೊಳಗೇ ಕುದಿದರು.

ಮೂರು ವಾರದ ಮೇಲೆ, ಹೊಸ ಮಂತ್ರಿಗಾಗಿ ಮೇಜು ಖಾಲಿ ಮಾಡುತ್ತಿದ್ದಾಗ ಫೋನ್ ಬಂತು.

“ಯಾಕ್ರೀ, ನಿಮ್ಮ ಫಾರಂ ಬರಲೇ ಇಲ್ವಲ್ಲ? ನಿನ್ನೆಗೆ ಗಡುವು ಮುಗೀತು. ಬೇರೆಯವರನ್ನ ತಗೊಂಡಾಯ್ತು. ಬರೋಕೆ ಇಷ್ಟ ಇಲ್ಲ ಅಂದಿದ್ರೆ ನಾನೇನು ಬಲವಂತ ಮಾಡ್ತಿದ್ನಾ?”

“ಮೇಡಂ... ನೀವು ನೋಡೋಣ ಅಂದ್ರಿ.”

“ಹೌದು. ನೋಡಿದೆ. ಆವತ್ತೇ ಸಹಿ ಹಾಕಿ ನಿಮ್ಮ ಮೇಜಿಗೆ ಕಳಿಸಿದ್ನಲ್ಲ!”

ಫೋನನ್ನು ಮೇಜಿನ ಮೇಲಿಟ್ಟು ಅವರು ನೆಲಕ್ಕೆ ಕೂತರು. ಡ್ರಾಯರ್ ಎಳೆದು ಮೇಲಿದ್ದ ಕಡತ ಬಿಚ್ಚಿದರು. ಹಸಿರು ಶಾಯಿಯ ಸಹಿ. ಪಕ್ಕದಲ್ಲಿ ಮೇಡಂ ಕೈಬರಹ: ‘ಇವರಿಲ್ಲದೆ ನನ್ನ ಕೆಲಸ ನಡೆಯದು.’ ಕಣ್ಣು ಮಂಜಾಯಿತು.

ಮೇಜಿನ ಮೇಲಿಂದ “ಕೇಳಿಸ್ತಿದ್ಯೇನ್ರೀ?” ಎಂಬ ದನಿ ಬರುತ್ತಲೇ ಇತ್ತು. ಇವರ ಕಣ್ಣು ಡ್ರಾಯರಿನಲ್ಲಿ ಉಳಿದಿದ್ದ ಕಡತಗಳ ಮೇಲಿತ್ತು. ಹಿಗ್ಗುತ್ತಾ ಹೋದವರ ಕಡತಗಳವು. ಒಂದನ್ನೂ ಅವರು ಬಿಚ್ಚಿ ನೋಡಿದವರಲ್ಲ. ಎರಡನೆಯದನ್ನು ತೆಗೆದು ಬಿಚ್ಚಿದರು.

ಅದರಲ್ಲೂ ಹಸಿರು ಸಹಿಯಿತ್ತು.