ತೊಂಬತ್ತೇಳು ಡಿಗ್ರಿಯ ಆಯುಧಪೂಜೆ

ತೊಂಬತ್ತೇಳು ಎಂಬ ಸಂಖ್ಯೆಯನ್ನು ಬಸ್ಸಿನ ಹಣೆಯ ಮೇಲೆ ಕಂಡರೂ ಸರಿ, ಯಾರದೋ ಮಗುವಿನ ಮಾರ್ಕ್ಸ್ ಕಾರ್ಡಿನಲ್ಲಿ ಕಂಡರೂ ಸರಿ, ನನ್ನ ಎದೆ ಇವತ್ತಿಗೂ ಧಸಕ್ಕೆನ್ನುತ್ತದೆ. ಸಿಡ್ನಿಯ ಮ್ಯಾಕ್ವೆರಿ ಪಾರ್ಕ್‌ನ ಆಫೀಸಿನಲ್ಲಿ ಕೂತಿದ್ದಾಗಲೂ ಆ ದಿನ ತಲೆಯೊಳಗೆ ಮತ್ತೆ ಮೊದಲಿನಿಂದ ಓಡತೊಡಗುತ್ತದೆ.

ಕಳೆದ ವರ್ಷ ಆಯುಧಪೂಜೆಗೆಂದು ಸಿಡ್ನಿಯಿಂದ ಮೆಲ್ಬರ್ನ್‌ಗೆ, ಡ್ಯಾಂಡಿನಾಂಗ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ ಪಿಎಚ್‌ಡಿ ಮಾಡುತ್ತಿದ್ದಳು. ಗಾಳಿ ಬೀಸಿದಾಗ ಕಾಡ್ಗಿಚ್ಚು ಹೇಗೆ ಹರಡುತ್ತದೆ ಎಂಬ ಲೆಕ್ಕವೊಂದನ್ನು ಅವಳ ಲಿನಕ್ಸ್ ಕಂಪ್ಯೂಟರು ಹನ್ನೊಂದು ದಿನಗಳಿಂದ ಬಿಡುವಿಲ್ಲದೆ ಮಾಡುತ್ತಿತ್ತು. ಸಂಜೆ ಆರಕ್ಕೆ ಅದು ಮುಗಿಯಬೇಕಿತ್ತು, ಮರುದಿನ ಫಲಿತಾಂಶ ಗೈಡ್‌ನ ಕೈ ಸೇರಬೇಕಿತ್ತು. ಮಧ್ಯೆ ಮಧ್ಯೆ ಸೇವ್ ಆಗುವಂತೆ ಪ್ರೋಗ್ರಾಂ ಬರೆಯಲು ಅವಳು ಮರೆತಿದ್ದಳು. ಯಂತ್ರ ಒಮ್ಮೆ ನಿಂತರೆ ಹನ್ನೊಂದು ದಿನವೂ ಹೋದಂತೆಯೇ. ಅದಕ್ಕೇ ಪರದೆಯ ಮೇಲೆ ಒಂದು ಕಪ್ಪು ಕಿಟಕಿ ತೆರೆದಿಟ್ಟಿದ್ದಳು. ಪ್ರೊಸೆಸರಿನ ಬಿಸಿ ಎಷ್ಟೆಂದು ಅದು ಎರಡೆರಡು ಸೆಕೆಂಡಿಗೆ ತೋರಿಸುತ್ತಿತ್ತು. ಮಾಮೂಲಿಗೆ ಎಪ್ಪತ್ತರ ಆಸುಪಾಸು. ನೂರು ಮುಟ್ಟಿದರೆ ಯಂತ್ರ ತಾನಾಗಿಯೇ ಆರಿಹೋಗುತ್ತದೆ.

ಧಾರವಾಡದಿಂದ ಬಂದಿದ್ದ ಅಕ್ಕನ ಅತ್ತೆ ಬೆಳಗ್ಗೆ ಎಲ್ಲದಕ್ಕೂ ಪೂಜೆ ಮಾಡಿದರು. ಕಾರು, ಮಿಕ್ಸಿ, ವ್ಯಾಕ್ಯೂಮ್ ಕ್ಲೀನರು, ಟೇಬಲ್ ಫ್ಯಾನು, ಯಾವುದನ್ನೂ ಬಿಡಲಿಲ್ಲ. ಪೂಜೆಯಾದದ್ದನ್ನು ಮರುದಿನ ಬೆಳಗಿನವರೆಗೆ ಯಾರೂ ಮುಟ್ಟುವಂತಿಲ್ಲ ಎಂಬುದು ಅವರ ಕಾನೂನು. ಭಾವ ಕಾರು ಬಿಟ್ಟು ರೈಲಿನಲ್ಲಿ ಕೆಲಸಕ್ಕೆ ಹೋದರು. ಅಕ್ಕ ಸ್ನಾನಕ್ಕೆ ಹೋಗಿದ್ದಾಗ ಕಂಪ್ಯೂಟರಿನ ಸರದಿ ಬಂತು. ಕೀಬೋರ್ಡಿಗೆ ಕುಂಕುಮ, ಸಿಪಿಯು ಡಬ್ಬಿಯ ಮೇಲೆ ಹೊಸ ಖಣದ ಬಟ್ಟೆ, ಅದಕ್ಕೆ ಪಿನ್ನು ಹಾಕಿ ಸಿಕ್ಕಿಸಿದ ದಪ್ಪನೆಯ ಚೆಂಡುಹೂವಿನ ಹಾರ. ಪಿನ್ನು ಹಾಕಿದ್ದು ನಾನೇ. ಬಿ.ಎಸ್ಸಿ.ಯಲ್ಲಿ ಫಿಸಿಕ್ಸ್ ಓದಿದವಳು ನಾನು!

ತಲೆಗೆ ಟವೆಲ್ ಸುತ್ತಿಕೊಂಡು ಬಂದ ಅಕ್ಕ ಪರದೆ ನೋಡಿ ಚೀರಿದಳು. "ಎಂಬತ್ತೊಂಬತ್ತು! ಗಾಳಿ ಹೋಗೋ ಕಿಂಡೀನೆಲ್ಲ ಯಾರೇ ಮುಚ್ಚಿದ್ದು?"

ನಾನು ಹಾರಕ್ಕೆ ಕೈ ಹಾಕಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು.

"ಪೂಜಾ ಆದದ್ದನ್ನ ಮುಟ್ಟತಾರೇನವಾ? ನಿಮ್ಮಕ್ಕ ಪಾಸಾಗಲಿ ಅಂತ ಬೇಡಿಕೊಂಡು ಏರಿಸಿದ ಹೂವು ಅದು. ತಗದ್ರ ಅಕಿಗೇ ಅಪಶಕುನ."

"ಅತ್ತೆ, ಅದನ್ನ ತೆಗೀದೇ ಇದ್ರೆ ನಾನು ಪಾಸೇ ಆಗಲ್ಲ!"

ಒಬ್ಬರು ಪಾಸಾಗಲೆಂದು ಹಾಕಿದ್ದು, ಇನ್ನೊಬ್ಬಳು ಪಾಸಾಗಲೆಂದು ತೆಗೆಯಬೇಕಾದದ್ದು. ಇಬ್ಬರ ಕಣ್ಣಲ್ಲೂ ನೀರು. ಪರದೆಯಲ್ಲಿ ತೊಂಬತ್ತೆರಡು.

ಹೊರಗೆ ಹನ್ನೆರಡು ಡಿಗ್ರಿಯ ಚಳಿ. ಕಿಟಕಿಗಳನ್ನೆಲ್ಲ ತೆರೆದು ಹೀಟರ್ ಆರಿಸಿದೆವು. ಮೂವರೂ ಜಾಕೆಟ್ ಹಾಕಿಕೊಂಡು ಹಲ್ಲು ಕಟಕಟಿಸುತ್ತ ನಿಂತೆವು. ಕಂಪ್ಯೂಟರ್ ಮಾತ್ರ ಖಣ ಹೊದ್ದು ಬೇಯುತ್ತಿತ್ತು. ಟೇಬಲ್ ಫ್ಯಾನಿಗೂ ಕುಂಕುಮವಾಗಿದ್ದರಿಂದ ಅದೂ ರಜೆಯಲ್ಲಿತ್ತು.

"ಕೈಯಲ್ಲಿ ಬೀಸಬಹುದಾ ಅತ್ತೆ?" ಎಂದು ಕೇಳಿದೆ.

ಅವರು ಯೋಚಿಸಿದರು. "ಬೀಸಬಹುದು. ಚಾಮರ ಸೇವಾ ಅಂತ ಮಾಡ್ರಿ."

ನಾನು ಓಡಿಹೋಗಿ ಹಿಂದಿನ ದಿನದ ಪಿಜ್ಜಾ ಡಬ್ಬಿ ತಂದೆ.

"ಥೂ, ಎಂಜಲ ಡಬ್ಬಿಲೆ ಚಾಮರ ಬೀಸತೀಯೇನ? ಓದಿದಾಕಿ ಅಂತ!"

ಕೊನೆಗೆ ಸಿಕ್ಕಿದ್ದು ಅಕ್ಕ ಯಾವುದೋ ಸಮ್ಮೇಳನಕ್ಕೆ ಮಾಡಿಸಿದ್ದ, ಉರಿಯುವ ನೀಲಗಿರಿ ಮರಗಳ ಚಿತ್ರವಿದ್ದ ದೊಡ್ಡ ರಟ್ಟು. ಅದನ್ನು ಹಿಡಿದು ನಾನು ಬೀಸಿದೆ, ಅಕ್ಕ ಬೀಸಿದಳು. ಅತ್ತೆ ಕೈಮುಗಿದು ಏನೋ ಗುನುಗುತ್ತಿದ್ದರು. ತೊಂಬತ್ತೈದು. ತೊಂಬತ್ತಾರು. ಅಷ್ಟು ಬೀಸಿದರೂ ಗಾಳಿಯೆಲ್ಲ ಚೆಂಡುಹೂವಿಗೆ ಬಡಿದು ವಾಪಸು ಬರುತ್ತಿತ್ತು.

ತೊಂಬತ್ತೇಳು.

ಅಕ್ಕ ಬೀಸುವುದನ್ನು ನಿಲ್ಲಿಸಿ, ರಟ್ಟನ್ನು ನನ್ನ ಕೈಗೆ ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು. "ಹೋಗ್ಲಿ ಬಿಡಿ ಅತ್ತೆ, ಇನ್ನೊಂದ್ಸಲ ಮಾಡ್ತೀನಿ," ಎಂದಳು. ಅವಳ ದನಿ ಎಷ್ಟು ಸಣ್ಣದಾಗಿತ್ತೆಂದರೆ ನನಗೆ ಅಂಥ ಭಯ ಆ ಸಂಖ್ಯೆಯನ್ನು ನೋಡಿದಾಗಲೂ ಆಗಿರಲಿಲ್ಲ.

ಅತ್ತೆ ಸೊಸೆಯನ್ನು ನೋಡಿದರು, ಪರದೆಯನ್ನು ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಕೊಡಿಲ್ಲೆ," ಎಂದು ನನ್ನ ಕೈಯಿಂದ ರಟ್ಟು ಕಸಿದುಕೊಂಡರು. ಎರಡು ಸಲ ಜೋರಾಗಿ ಬೀಸಿದರು. ಮೂರನೆಯ ಸಲ ರಟ್ಟಿನ ಮೂಲೆ ಹಾರದ ಕೆಳಗೆ ಹೋಯಿತು. ಹೋಗಿ ತುಸು ನಿಂತಿತು. ಮೆಲ್ಲಗೆ ಮೇಲೆದ್ದಿತು. ಖಣವನ್ನೂ ಎಳೆದುಕೊಂಡು ಇಡೀ ಹಾರ ಬಲಗಡೆಗೆ ಧೊಪ್ಪೆಂದು ಬಿತ್ತು.

"ಬಲಕ್ಕ ಬಿತ್ತು!" ಎಂದು ಅತ್ತೆ ಕೂಗಿದರು. "ದೇವರು ತಾನಽ ಪ್ರಸಾದ ಕೊಟ್ಟ! ಏಳವಾ, ಕಣ್ಣಿಗೆ ಒತ್ತಿಕೋ!"

ಅಕ್ಕ ಒಂದೂವರೆ ಮಾರಿನ ಹಾರವನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. ತೊಂಬತ್ತು, ಎಂಬತ್ತೊಂದು, ಎಪ್ಪತ್ತಮೂರು. ನಾನು ಅತ್ತೆಯ ಮುಖ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ರಟ್ಟಿಗೆ ಅಂಟಿದ್ದ ಚೆಂಡುಹೂವಿನ ಎಸಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು.

ಆರು ಗಂಟೆ ದಾಟಿ ಹತ್ತು ನಿಮಿಷಕ್ಕೆ ಲೆಕ್ಕ ಮುಗಿಯಿತು. ಫಲಿತಾಂಶವನ್ನು ಕಾಪಿ ಮಾಡಿಕೊಳ್ಳಲು ಅಕ್ಕ ಕೀಬೋರ್ಡಿನತ್ತ ಕೈ ಚಾಚಿದಳು.

"ಕುಂಕುಮ ಅಲ್ಲೇ ಅದ," ಎಂದರು ಅತ್ತೆ. "ಅದನ್ನ ನಾಳಿ ಮುಂಜಾನೆ ಮುಟ್ಟು."

ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು.