ಅಲ್ಲಿ ದೋಸೆ, ಇಲ್ಲಿ ಸುದ್ದಿ

೧೯೭೯ರಲ್ಲಿ, ಎಂಟನೇ ಕ್ಲಾಸಿಗೇ ನನ್ನ ಶಾಲೆ ಮುಗಿಯಿತು. ಓದು ಮುಗಿಯಲಿಲ್ಲ. ಹೋಟೆಲ್ ಕೆಲಸಕ್ಕೆ ಸೇರಿ, ಮಿರ್ಚಿ ಬಜ್ಜಿ ಕಟ್ಟಿಕೊಡಲು ತಂದ ರದ್ದಿ ಪೇಪರನ್ನೆಲ್ಲ ಓದಿಯೇ ಕಟ್ಟುತ್ತಿದ್ದೆ. (ಗಿರಾಕಿಗಳು ಕಾಯುತ್ತಿದ್ದರು. ಬೈಯುತ್ತಲೂ ಇದ್ದರು.)

ಈಗ ಕೊಟ್ಟೂರಿನಲ್ಲಿ, ಉಜ್ಜಿನಿ ರಸ್ತೆಗೆ, ನನ್ನದೇ ಹೋಟೆಲ್ ಇದೆ. ಹೋದ ತಿಂಗಳು ಅಲ್ಲೊಂದು ಕಾದಂಬರಿ ನಡೆದುಹೋಯಿತು.

ಬೆಂಗಳೂರಿನ ನಾದಿನಿ ಬಂದಾಗ ಒಂದು ಕಾದಂಬರಿ ತಂದಿದ್ದಳು, ನಾವೂ ಓದಿದೆವು. ಅದರಲ್ಲಿ ನಮ್ಮಂಥದೇ ಊರು. ಬಟ್ಟೆ ಹೊಲಿಯುವ ಒಬ್ಬ ಹೆಂಗಸು. ಕೊನೆಯಲ್ಲಿ ಅವಳು ಒಬ್ಬಳೇ ಹೋಟೆಲಿಗೆ ಹೋಗಿ, ರಸ್ತೆಗೆ ಕಾಣುವ ಟೇಬಲ್ಲಿಗೆ ಕೂತು ದೋಸೆ ತಿನ್ನುತ್ತಾಳೆ. ಅಲ್ಲಿಗೆ ಕಥೆ ಮುಗಿಯಿತು.

“ಒಂದು ದೋಸೆ ತಿನ್ನೋಕೆ ಇನ್ನೂರು ಪುಟ ಬೇಕಾ ಅಕ್ಕಾ?” ನಾದಿನಿ ನಕ್ಕಳು.

ನನ್ನ ಹೆಂಡತಿ ಕೊಟ್ರಮ್ಮ ನಗಲಿಲ್ಲ. “ನಿಮ್ ಬೆಂಗ್ಳೂರಾಗ ತಿಂದ್ರ ಅದು ದೋಸಿ. ಇಲ್ಲಿ ತಿಂದ್ರ ಸುದ್ದಿ.”

ಸುಳ್ಳೇ? ನಮ್ಮ ಕಡೆ ಹೋಟೆಲುಗಳಲ್ಲಿ ಪರದೆ ಬಿಟ್ಟ ಫ್ಯಾಮಿಲಿ ರೂಮ್ ಅಂತ ಒಂದಿರುತ್ತದೆ. ಕೂಡ್ಲಿಗಿಗೆ ಹೋಗಿ, ಹಡಗಲಿಗೆ ಹೋಗಿ, ಪರದೆಯ ಬಣ್ಣ ಬೇರೆ, ಅಷ್ಟೇ. ಹತ್ತು ಗಂಡಸರು ಬಂದರೆ ಗಿರಾಕಿಗಳು. ಹೆಂಗಸು ಒಬ್ಬಳೇ ಬಂದರೂ ‘ಫ್ಯಾಮಿಲಿ’! ಅವಳು ಒಳಗೇ ಕೂರಬೇಕು. ಯಾರೂ ಬೋರ್ಡ್ ಬರೆಸಿಲ್ಲ. ಎಲ್ಲರಿಗೂ ಗೊತ್ತು.

ಕಾದಂಬರಿಯಲ್ಲೂ ಇದನ್ನು ಎಲ್ಲೂ ಬರೆದಿಲ್ಲ. ಊರು ಇಂಥದು ಎಂದಮೇಲೆ ಬರೆಯುವುದೇನಿದೆ? ಅದೇ ಹೆಂಗಸನ್ನು ಎಂ.ಜಿ. ರಸ್ತೆಯ ಹೋಟೆಲಿನಲ್ಲಿ ಕೂರಿಸಿ ನೋಡಿ. ಉಳಿಯುವುದು ಬರೀ ಬಿಲ್ಲು.

ಮುಂದಿನ ಸಂತೆಯ ದಿನ ಕೊಟ್ರಮ್ಮ ಕೈಚೀಲ ಹಿಡಿದು ಹೋಟೆಲಿಗೆ ಬಂದಳು. ಒಳಗೆ ಹೋಗಲಿಲ್ಲ. ಎಲ್ಲಕ್ಕಿಂತ ಮುಂದಿನ ಟೇಬಲ್ಲಿಗೆ ಕೂತಳು. ನಮ್ಮ ಇಷ್ಟು ವರ್ಷದ ಸಂಸಾರದಲ್ಲಿ ಇದೇ ಮೊದಲು.

ಸಪ್ಲೈಯರ್ ದಾದಾಪೀರ್ ಓಡಿಬಂದ. “ಅಕ್ಕಾರ, ಒಳಗ ಬರ್ರಿ. ಫ್ಯಾನ್ ಐತಿ.”

“ಇಲ್ಲೇ ಗಾಳಿ ಬರ್ತೈತಪ. ಒಂದ್ ಪ್ಲೇಟ್ ಮಿರ್ಚಿ ಕೊಡು.”

ಬೀಜದಂಗಡಿ ಬಸಣ್ಣ ಬಸಿಯಲ್ಲಿನ ಚಹಾ ಊದುವುದನ್ನು ಬಿಟ್ಟು ಗಲ್ಲಾ ಕಡೆ, ಅಂದರೆ ನನ್ನ ಕಡೆ, ತಿರುಗಿದ. “ಏನ್ರಿ ಸಾವ್ಕಾರ್ರ, ಇವತ್ತು ಮನ್ಯಾಗ ಒಲಿ ಹಚ್ಚಿಲ್ಲೇನು?”

ಸುತ್ತಲಿನವರು ನಕ್ಕರು. ಕೊಟ್ರಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನೂ ನಕ್ಕರೆ ಮುಗಿಯಿತು, ಎದ್ದು ಪರದೆ ಹಿಂದೆ ಹೋಗುತ್ತಾಳೆ. ಮತ್ತೆಂದೂ ಇಲ್ಲಿ ಕೂರುವುದಿಲ್ಲ. (ಕಾದಂಬರಿಯ ಹೋಟೆಲ್ ಮಾಲೀಕನಿಗೆ ಮಾತೇ ಇರಲಿಲ್ಲ, ಪುಣ್ಯವಂತ.)

“ಹಚ್ಚೇವ್ರಿ,” ಎಂದೆ. “ಆದ್ರ ಮನಿ ಮಿರ್ಚಿಗಿಂತ ನಮ್ಮ ಹೋಟೆಲ್ ಮಿರ್ಚಿ ರುಚಿ ಅಂತ ಬಂದಾಳ. ನಿಮ್ಮ ಮನಿಯವ್ರನ್ನೂ ಕಳಸ್ರಿ, ಜಾಗ ಐತಿ.”

ಬಸಣ್ಣ ಬಸಿಗೆ ಬಾಯಿ ಹಚ್ಚಿದ. ಕೊಟ್ರಮ್ಮ ಮಿರ್ಚಿ ಕಚ್ಚಿದಳು.

“ಉಪ್ಪು ಕಮ್ಮಿ ಆಗೇತಿ,” ಎಂದಳು. ಇಡೀ ಹೋಟೆಲಿಗೆ ಕೇಳುವಂತೆ!

ಬಸಣ್ಣನ ಮನೆಯವರು ಇನ್ನೂ ಬಂದಿಲ್ಲ. ಆದರೆ ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಬಂದರು. ಹೈಸ್ಕೂಲಿನ ಟೀಚರಮ್ಮಂದಿರು ಬಂದರು, ಮುಂದೆಯೇ ಕೂತರು. ಫ್ಯಾಮಿಲಿ ರೂಮಿನ ಟೇಬಲ್‌ಗಳನ್ನೂ ಎತ್ತಿ ತಂದು ಈಚೆ ಹಾಕಿಸಿದೆ. ಅಲ್ಲೀಗ ಈರುಳ್ಳಿ ಚೀಲ ಇಟ್ಟಿದ್ದೇವೆ.

ಇವತ್ತಿಗೆ ನನ್ನ ಆಸ್ತಿ ಇಷ್ಟು: ಒಂದು ಹೋಟೆಲ್, ಎರಡು ಒಲೆ, ಒಂಬತ್ತು ಟೇಬಲ್. ಒಂಬತ್ತಕ್ಕೂ ರಸ್ತೆ ಕಾಣುತ್ತದೆ.