ಒರೆ ಹೇಳುವ ಸೊಸೆ

ಕದಿರಾಚಾರಿಯ ಎರಡು ಕಣ್ಣಿಗೂ ಪೊರೆ ಬಂದ ಮೇಲೆ ಆ ಮನೆಯ ಒರೆಗಲ್ಲು ಸೊಸೆ ರಾಮಲಕ್ಷ್ಮಮ್ಮನ ಕೈಗೆ ಬಂತು. ಮುಳಬಾಗಿಲಿನ ಅಕ್ಕಸಾಲಿಗರ ಬೀದಿಯಲ್ಲಿ ಅದುವರೆಗೆ ಹೆಂಗಸೊಬ್ಬಳು ಒರೆ ನೋಡಿದ್ದಿಲ್ಲ. ಇವಳು ಮಾತ್ರ ಶ್ರೀನಿವಾಸಪುರದಲ್ಲಿ ತಂದೆಯ ಕುಲುಮೆಯ ಮುಂದೆಯೇ ಬೆಳೆದವಳು. ಒಡವೆಯನ್ನು ಕಲ್ಲಿನ ಮೇಲೆ ಒಂದು ಸಲ ಎಳೆದು, ಅದರ ಪಕ್ಕದಲ್ಲಿ ಅಪ್ಪಟ ಚಿನ್ನದ ಕಡ್ಡಿಯಿಂದ ಇನ್ನೊಂದು ಗೆರೆ ಎಳೆದು, ಎರಡರ ಮೇಲೂ ಹನಿ ದ್ರಾವಕ ಬಿಟ್ಟು ಬಾಗಿ ನೋಡುತ್ತಿದ್ದಳು. ತಾಮ್ರ ಬೆರೆತಿದ್ದರೆ ಗೆರೆ ಹಸಿರಾಗಿ ನೊರೆಯೆದ್ದು ಮಾಸುತ್ತಿತ್ತು. ಚಿನ್ನವಾದರೆ ಅಲುಗದೆ ಹಳದಿಯಾಗಿ ನಿಲ್ಲುತ್ತಿತ್ತು. ಮಾವ ಜಗಲಿಯ ಮೇಲೆ ಕೂತು ಬಂದವರನ್ನು ಮಾತಾಡಿಸುವನು. ಸೊಸೆ ಬಾಗಿಲ ಹಿಂದಿನಿಂದ ಹೇಳುವಳು. "ಎಷ್ಟಾಣೆ ಅಮ್ಮಾ?" "ಹದಿನಾಲ್ಕು, ಮಾವಯ್ಯ." ಹದಿನಾರಾಣೆ ಎಂದರೆ ಅಪ್ಪಟ. ಅವಳು ಹೇಳಿದ್ದನ್ನು ಯಾರೂ ಇನ್ನೊಂದು ಕಡೆ ನೋಡಿಸುತ್ತಿರಲಿಲ್ಲ.

ಯುದ್ಧ ನಡೆಯುತ್ತಿದ್ದ ಕಾಲ. ಚಿನ್ನ ಮುಟ್ಟಿದರೆ ಸುಡುವಷ್ಟು ತುಟ್ಟಿಯಾಗಿತ್ತು. ಅಂಥ ಒಂದು ಮಾಗಿಯಲ್ಲಿ, ರಾಗಿ ಕಣ ಮುಗಿದ ಮೇಲೆ, ತಾಯಲೂರಿನ ದೊಡ್ಡಗಂಗಮ್ಮ ಸೆರಗಿನ ಗಂಟಿನಲ್ಲಿ ತನ್ನ ತಾಯಿಯ ಗುಂಡಿನ ಸರ ತಂದಳು. ಗಂಡ ಸತ್ತ ಹೆಂಗಸು. ಮಗಳು ಶಾಮಲಮ್ಮನಿಗೆ ಹುತ್ತೂರಿನಲ್ಲಿ ಗಂಡು ಗೊತ್ತಾಗಿತ್ತು. ಗುಂಡು ಕರಗಿಸಿ ಈಗಿನ ಮಾದರಿಯ ಎರಡೆಳೆ ಸರ ಮಾಡಿಕೊಡಬೇಕೆಂದಳು.

ರಾಮಲಕ್ಷ್ಮಮ್ಮ ಒಂದು ಗುಂಡನ್ನು ಕಲ್ಲಿಗೆ ಹಚ್ಚಿ ನೋಡಿ, ಖುಷಿಯಿಂದ ಹೊಸಲಿಗೇ ಬಂದುಬಿಟ್ಟಳು. "ಗಂಗಮ್ಮಕ್ಕ, ಇಂಥ ಚಿನ್ನ ಈಗ ಎಲ್ ಸಿಗ್ತದೆ? ಹದಿನೈದೂವರೆ ಆಣೆ ಐತೆ."

"ನಮ್ಮಮ್ಮ ಹೊಟ್ಟೆ ಕಟ್ಟಿ ಮಾಡಿಸಿದ್ದು ತಾಯಿ," ಎಂದು ದೊಡ್ಡಗಂಗಮ್ಮ ಕಣ್ಣೊರೆಸಿಕೊಂಡಳು.

ಸರ ಕರಗಿಸಿದ ದಿನ ರಾಮಲಕ್ಷ್ಮಮ್ಮ ಕುಲುಮೆಯ ತಿದಿ ಒತ್ತುತ್ತಿದ್ದಳು. ಗಂಡ ವೆಂಕಟರಾಯಾಚಾರಿ ಅರ್ಧಕ್ಕಿಂತ ಹೆಚ್ಚು ಗುಂಡುಗಳನ್ನು ಬೇರೆ ಡಬ್ಬಿಗೆ ಸುರಿದು, ಉಳಿದವನ್ನು ಮೂಸೆಗೆ ಹಾಕಿ, ಅದರ ಮೇಲೆ ತಾಮ್ರದ ತುಂಡುಗಳನ್ನು ಬಿಟ್ಟ. ಅವಳ ಕೈ ನಿಂತಿತು.

"ಇದೇನ್ರೀ ಮಾಡ್ತಿದೀರ?"

"ನೀನು ತಿದಿ ಒತ್ತು."

"ಪಾಪದ ಹೆಂಗಸು ಕಣ್ರೀ. ಮಗಳ ಮದುವೆ ಒಡವೆ."

ಅವನು ಕೂಗಾಡಲಿಲ್ಲ. ತಲೆಯನ್ನೂ ಎತ್ತಲಿಲ್ಲ. "ಬಾಯಿ ಬಿಟ್ಟಿದ್ದು ಗೊತ್ತಾದ್ರೆ ಕೂಸನ್ನ ಇಲ್ಲೇ ಬಿಟ್ಟು ಒಬ್ಬಳೇ ನಿಮ್ಮಪ್ಪನ ಮನೆಗೆ ಹೋಗ್ತೀಯ," ಎಂದ. ತೊಟ್ಟಿಲಲ್ಲಿ ಎಂಟು ತಿಂಗಳ ಮಗು ಮಲಗಿತ್ತು. ರಾಮಲಕ್ಷ್ಮಮ್ಮ ತಿದಿ ಒತ್ತಿದಳು. ಸರ ಸಿದ್ಧವಾದಾಗ ಮೇಲೆ ಕೊಟ್ಟ ಬಣ್ಣಕ್ಕೆ ಅದು ಫಳಫಳ ಹೊಳೆಯಿತು. ದೊಡ್ಡಗಂಗಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಹೋದಳು.

ಮದುವೆಯಾಗಿ ನಾಲ್ಕು ತಿಂಗಳಿಗೆ ಸರದ ಬಣ್ಣ ಕೆಂಪಗಾಯಿತು. ಹುತ್ತೂರಿನ ಬೀಗ ಚನ್ನರಾಯಪ್ಪ ಅದನ್ನು ಕೋಲಾರದಲ್ಲಿ ತೋರಿಸಿದ. ಅಲ್ಲಿ ಕಲಬೆರಕೆ ಚಿನ್ನ ಎಂದರು. ಮಾರನೆಯ ದಿನವೇ ಶಾಮಲಮ್ಮನನ್ನು ತಾಯಲೂರಿಗೆ ಕರೆತಂದು ಬಿಟ್ಟು, ಬೀಗಿತ್ತಿಯನ್ನೂ ನಾಲ್ಕು ಜನ ಹಿರಿಯರನ್ನೂ ಕಟ್ಟಿಕೊಂಡು ಮುಳಬಾಗಿಲಿಗೆ ಬಂದ. ಜಗಲಿಯ ಮುಂದೆ ಬೀದಿಯ ಜನವೆಲ್ಲ ಸೇರಿತು.

"ಆಚಾರ್ರೇ, ನೀವೇ ಹೇಳ್ಬೇಕು," ಎಂದು ಚನ್ನರಾಯಪ್ಪ ಸರವನ್ನು ಮುದುಕನ ಕೈಗಿಟ್ಟ.

ಕದಿರಾಚಾರಿ ಅದನ್ನು ಬೆರಳಲ್ಲಿ ಸವರಿ, ಅಂಗೈಯಲ್ಲಿ ತೂಗಿ ನೋಡಿದ. ಮುಖ ಸಣ್ಣಗಾಯಿತು. ಬಾಗಿಲ ಕಡೆಗೆ ಕೈ ಚಾಚಿ, "ನೋಡಮ್ಮಾ. ಎಲ್ಲರ ಎದುರಿಗೇ ನೋಡಿ ಹೇಳು," ಎಂದ.

ಅವಳು ಮೊದಲ ಸಲ ಜಗಲಿಯ ಮೇಲೆ ಕೂತು ಗೆರೆ ಎಳೆದಳು. ಹನಿ ಬಿಟ್ಟಳು. ಗೆರೆ ಹಸಿರಾಗಿ ನೊರೆಯೆದ್ದಿತು. ನೋಡುವ ಅಗತ್ಯವೇ ಅವಳಿಗಿರಲಿಲ್ಲ.

"ಆರಾಣೆ ಮಾವಯ್ಯ. ಮಿಕ್ಕಿದ್ದು ತಾಮ್ರ."

ನಿಜ ಹೇಳಿಬಿಟ್ಟೆ, ಇನ್ನು ಎಲ್ಲ ತಾನಾಗಿ ಹೊರಗೆ ಬರುತ್ತದೆ ಎಂದುಕೊಂಡಳು. ಆದರೆ ವೆಂಕಟರಾಯಾಚಾರಿ ಒಳಗಿನಿಂದ ನಿಧಾನವಾಗಿ ಬಂದು ಕಂಬಕ್ಕೆ ಒರಗಿದ. "ಆಯಮ್ಮ ತಂದಿದ್ದೇ ಅಂಥದ್ದು. ಕೊಟ್ಟಿದ್ದನ್ನ ಕರಗಿಸಿ ಸರ ಮಾಡ್ಕೊಟ್ಟೆ. ಇಲ್ದೇ ಇರೋ ಚಿನ್ನ ನಾನೆಲ್ಲಿಂದ ಹಾಕ್ಲಿ?"

ಜನ ದೊಡ್ಡಗಂಗಮ್ಮನ ಕಡೆ ತಿರುಗಿದರು. ಅವಳು ಯಾರನ್ನೂ ನೋಡದೆ ನೇರವಾಗಿ ರಾಮಲಕ್ಷ್ಮಮ್ಮನ ಹತ್ತಿರ ಬಂದಳು. "ನೀನೇ ಅಲ್ವಾ ತಾಯಿ ಒರೆ ನೋಡಿ ಹೇಳಿದ್ದು? ಹದಿನೈದೂವರೆ ಅಂದ್ಯಲ್ಲ. ಇಲ್ಲೇ, ಈ ಹೊಸಲಲ್ಲೇ ನಿಂತ್ಕೊಂಡು. ಹೇಳು ತಾಯಿ."

ಒಳಗೆ ಮಗು ಅತ್ತಿತು. ಗಂಡ ಅವಳನ್ನು ನೋಡಲಿಲ್ಲ. ಒಳಗೆ ಹೋಗಿ ಮಗುವನ್ನು ಎತ್ತಿಕೊಂಡು ಬಂದು ನಿಂತ.

"ಜ್ಞಾಪಕ ಇಲ್ಲ ಅಕ್ಕ," ಎಂದಳು ರಾಮಲಕ್ಷ್ಮಮ್ಮ.

ಅವಳ ಮುಖವನ್ನೇ ನೋಡುತ್ತ ನಿಂತ ದೊಡ್ಡಗಂಗಮ್ಮನನ್ನು ಹಿರಿಯರೊಬ್ಬರು ತೋಳು ಹಿಡಿದು ಕರೆದುಕೊಂಡು ಹೋದರು.

ಆ ಸಂಜೆ ಊಟಕ್ಕೆ ಬಡಿಸುವಾಗ ಅವಳು ಮಾವನಿಗೆ ಎಲ್ಲವನ್ನೂ ಹೇಳಿದಳು. ಮುದುಕ ಕೈಯಲ್ಲಿದ್ದ ಮುದ್ದೆಯ ತುತ್ತನ್ನು ತಟ್ಟೆಗೆ ಇಳಿಸಿದ. "ಕೈಗೆ ತಗೊಂಡಾಗ್ಲೇ ಗೊತ್ತಾಯ್ತಮ್ಮಾ. ಏನ್ ಮಾಡ್ಲಿ? ಕಣ್ಣಿಲ್ಲ. ಅವನು ತುತ್ತು ಹಾಕಿದ್ರೆ ಉಂಟು, ಇಲ್ದಿದ್ರೆ ಇಲ್ಲ," ಎಂದ. ಸ್ವಲ್ಪ ಹೊತ್ತಿನ ಮೇಲೆ ಆ ತುತ್ತನ್ನೇ ತೆಗೆದುಕೊಂಡು ನುಂಗಿದ.

ಹದಿನೈದು ದಿನ ಕಳೆದ ಮೇಲೆ, ಗಂಡ ಕೋಲಾರಕ್ಕೆ ಹೋದ ದಿನ, ರಾಮಲಕ್ಷ್ಮಮ್ಮ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ತಾಯಲೂರಿಗೆ ನಡೆದಳು. ತಂದೆ ಕೊಟ್ಟ ಬಳೆ ಜೋಡಿ ಸೆರಗಿನಲ್ಲಿತ್ತು. ಶಾಮಲಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ತಲೆ ಎತ್ತಲಿಲ್ಲ. ರಾಮಲಕ್ಷ್ಮಮ್ಮ ಕಂಡದ್ದನ್ನೆಲ್ಲ ದೊಡ್ಡಗಂಗಮ್ಮನ ಮುಂದೆ ಹೇಳಿ, ಬಳೆಗಳನ್ನು ಅವಳ ಕೈಗಿಡಲು ಹೋದಳು.

"ಅವತ್ತು ಹೇಳ್ಬೇಕಾಗಿತ್ತು ತಾಯಿ," ಎಂದಳು ದೊಡ್ಡಗಂಗಮ್ಮ. "ಇವತ್ತು ಇಲ್ಲಿ ಹೇಳಿದ್ರೆ ಯಾರು ಕೇಳ್ತಾರೆ? ನಮ್ಮ ಕೋಳಿ ಕೇಳ್ತವೆ."

"ಬಳೆನಾದ್ರೂ ಇಟ್ಕೊ ಅಕ್ಕ. ಮಗಳಿಗೆ ಕೊಟ್ಟು ಹುತ್ತೂರಿಗೆ ಕಳ್ಸು."

"ನಾಳೆ ನಿನ್ನ ಗಂಡ ಬಂದು, ಈಯಮ್ಮ ಕದ್ಲು ಅಂದ್ರೆ? ಆಗ್ಲೂ ನಿಂಗೆ ಜ್ಞಾಪಕ ಇಲ್ದಿದ್ರೆ?" ದೊಡ್ಡಗಂಗಮ್ಮ ಬಳೆಗಳನ್ನು ಅವಳ ಸೆರಗಿಗೇ ಕಟ್ಟಿದಳು. ಬಿಸಿಲಲ್ಲಿ ಕೆಂಪಾಗಿದ್ದ ಮಗುವಿಗೆ ಒಂದು ಲೋಟ ಮಜ್ಜಿಗೆ ತಂದು ಕುಡಿಸಿದಳು. ಆ ಮಜ್ಜಿಗೆಯೇ ರಾಮಲಕ್ಷ್ಮಮ್ಮನನ್ನು ಹೆಚ್ಚು ಸುಟ್ಟಿತು. ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಹುತ್ತೂರಿನ ಹುಡುಗ ಮುಂದಿನ ವರ್ಷ ಬೇರೆ ಮದುವೆಯಾದ. ಕದಿರಾಚಾರಿ ತೀರಿಕೊಂಡ. ವೆಂಕಟರಾಯಾಚಾರಿಯ ಅಂಗಡಿ ಚೆನ್ನಾಗಿಯೇ ನಡೆಯಿತು. ಅವನಿಗೆ ಏನೂ ಆಗಲಿಲ್ಲ. ಒರೆ ನೋಡಲು ಬಂದವರಿಗೆ ರಾಮಲಕ್ಷ್ಮಮ್ಮ, "ನನಗೂ ಕಣ್ಣು ಮಂಜಾಗೈತೆ," ಎಂದು ಹೇಳಿ ಕಳಿಸತೊಡಗಿದಳು. ಅವಳಿಗಿನ್ನೂ ಮೂವತ್ತು ದಾಟಿರಲಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷ ಅವಳು ಮಗನ ಜೊತೆ ಕೋಲಾರದ ಬಸ್ಸು ಹತ್ತಿದಾಗ ಒಳಗೆ ಶಾಮಲಮ್ಮ ಕೂತಿದ್ದಳು. ಸುಗಟೂರಿನಲ್ಲಿ ಯಾರದೋ ಮನೆಯಲ್ಲಿ ರೇಷ್ಮೆಹುಳುವಿಗೆ ಸೊಪ್ಪು ಹಾಕುವ ಕೆಲಸಕ್ಕಿದ್ದಾಳೆಂದು ರಾಮಲಕ್ಷ್ಮಮ್ಮ ಕೇಳಿದ್ದಳು. ಇಬ್ಬರಿಗೂ ಗುರುತು ಹತ್ತಿತು. ಬಸ್ಸಿನಲ್ಲಿ ಬೇರೆ ಜಾಗವಿರಲಿಲ್ಲ. ಶಾಮಲಮ್ಮ ಪಕ್ಕದಲ್ಲಿದ್ದ ಬುಟ್ಟಿಯನ್ನು ಕಾಲಿನ ಹತ್ತಿರ ಇಳಿಸಿ, ಹುಡುಗನಿಗೆ ಮಾತ್ರ ಜಾಗ ಬಿಟ್ಟಳು. ರಾಮಲಕ್ಷ್ಮಮ್ಮ ಕೋಲಾರದವರೆಗೂ ಕಂಬಿ ಹಿಡಿದು ನಿಂತೇ ಹೋದಳು.